ಬೇಳೆ ಬಿಟ್ಟೆ, ಯೂರಿಕ್ ಆಸಿಡ್ ಇಳಿಯಲಿಲ್ಲ

ರಾತ್ರಿ ಎರಡು ಗಂಟೆಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕೆಂಡ ಇಟ್ಟ ಹಾಗೆ ಉರಿ. ಹೊದಿಕೆ ತಾಗಿದರೂ ತಡೆಯಲು ಆಗುತ್ತಿರಲಿಲ್ಲ. ಬೆಳಿಗ್ಗೆ ಬೆರಳು ಕೆಂಪಗೆ ಊದಿತ್ತು. ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, 8.9 mg/dL, ಜಾಸ್ತಿಯೇ. ಗೌಟ್ ಅಂದರು, ಯೂರಿಕ್ ಆಸಿಡ್ ಹರಳಾಗಿ ಕೀಲಿನಲ್ಲಿ ಕೂತು ಬರುವ ಊತ, ನೋವು.

ಬೇಳೆ ಬಿಡು, ಪಾಲಕ್ ಬಿಡು, ಟೊಮೆಟೊ ಮುಟ್ಟಬೇಡ ಅಂತ ಮನೆಗೆ ಬಂದವರೆಲ್ಲ ಹೇಳಿದರು. ಮೂರು ತಿಂಗಳು ಬರೀ ಮಜ್ಜಿಗೆ ಅನ್ನ ಉಂಡೆ. ಮತ್ತೆ ಪರೀಕ್ಷೆ ಮಾಡಿಸಿದರೆ 8.7! ಅಳುವೇ ಬಂತು.

ಎರಡನೇ ಡಾಕ್ಟರ್ ಊಟದ ಸುದ್ದಿ ಎತ್ತುವ ಮೊದಲು, ನಾನು ನುಂಗುವ ಮಾತ್ರೆಗಳನ್ನೆಲ್ಲ ತೋರಿಸಲು ಹೇಳಿದರು. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇತ್ತು. ಅದು ನೀರು, ಉಪ್ಪನ್ನು ಹೊರಗೆ ಹಾಕುತ್ತದೆ, ಆದರೆ ಯೂರಿಕ್ ಆಸಿಡ್ ಅನ್ನು ಒಳಗೇ ಉಳಿಸುತ್ತದಂತೆ. ನನಗೆ ಗೊತ್ತೇ ಇರಲಿಲ್ಲ. ಈ ಆಸಿಡ್‌ನ ದೊಡ್ಡ ಪಾಲು ನಮ್ಮದೇ ಜೀವಕೋಶಗಳು ಸವೆದು ಒಡೆಯುವಾಗ ಹುಟ್ಟುವಂಥದ್ದು, ಊಟದಿಂದ ಬರುವುದು ಕಡಿಮೆ, ಅದರಲ್ಲೂ ಬೇಳೆ ಸೊಪ್ಪಿನಿಂದ ಗೌಟ್ ಜಾಸ್ತಿಯಾಗುವುದು ಕಂಡುಬಂದಿಲ್ಲ, ಗೌಟ್ ಇರುವ ಹೆಚ್ಚಿನವರಲ್ಲಿ ಕಿಡ್ನಿ ಅದನ್ನು ಸಾಕಷ್ಟು ಹೊರಗೆ ಹಾಕದೇ ಇರುವುದೇ ಮುಖ್ಯ ತೊಂದರೆ ಅಂತ ಬಿಡಿಸಿ ಹೇಳಿದರು. ಅಪ್ಪನಿಗೂ ಗೌಟ್ ಇತ್ತು, ಇದು ವಂಶದಲ್ಲಿ ಬರುತ್ತದೆ. ರಕ್ತದಲ್ಲಿ 6.8 ದಾಟಿದರೆ ಹರಳು ಕಟ್ಟಬಹುದು, ಅದು ಮೊದಲು ಹಿಡಿಯುವುದು ಹೆಚ್ಚಾಗಿ ತಣ್ಣಗಿರುವ ಕಾಲ್ಬೆರಳನ್ನೇ.

ನಾನು ಬಿಡಬೇಕಾಗಿದ್ದು ಬೇರೆಯೇ ಇತ್ತು. ದಿನಾ ಸಂಜೆ ಒಂದು ಬಾಟಲಿ ತಂಪು ಪಾನೀಯ ಕುಡಿಯುತ್ತಿದ್ದೆ. ಅದರ ಸಕ್ಕರೆಯಲ್ಲಿರುವ ಫ್ರಕ್ಟೋಸ್ ಲಿವರ್‌ನಲ್ಲಿ ಒಡೆಯುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಭಾನುವಾರ ಬಿಯರ್, ಜೊತೆಗೆ ಬೂತಾಯಿ ಫ್ರೈ, ಎರಡರಲ್ಲೂ ದೇಹದಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ಪ್ಯೂರಿನ್ ಇದೆ. ಪಾನೀಯ, ಬಿಯರ್ ನಿಲ್ಲಿಸಿದೆ, ಬೂತಾಯಿ ಯಾವಾಗಲೋ ಒಮ್ಮೆ.

ಡಾಕ್ಟರ್ ಬಿಪಿಗೆ ಹಳೆಯ ಮಾತ್ರೆ ಬದಲು ಲೊಸಾರ್ಟನ್ ಕೊಟ್ಟರು, ಅದು ಯೂರಿಕ್ ಆಸಿಡ್ ಅನ್ನು ಸ್ವಲ್ಪ ಹೊರಗೂ ಹಾಕುತ್ತದೆ. ಬಿಪಿ ಮಾತ್ರೆಯನ್ನು ಸುಮ್ನೆ ನೀವೇ ನಿಲ್ಲಿಸಬೇಡಿ, ದಯವಿಟ್ಟು. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು 100 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಮೊದಲ ತಿಂಗಳೇ ನೋವು ಮತ್ತೆ ಬಂತು. ಹಳೆಯ ಹರಳು ಕರಗುವಾಗ ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಮಾತ್ರೆ ಬಿಡಲಿಲ್ಲ. ಏಳನೇ ತಿಂಗಳಿಗೆ 5.6. ಗೌಟ್ ಇದ್ದವರಿಗೆ ಗುರಿ 6ಕ್ಕಿಂತ ಕೆಳಗೆ.

ತಮ್ಮನಿಗೂ ಪರೀಕ್ಷೆ ಮಾಡಿಸಿದೆವು. 7.4 ಇದೆ, ನೋವು ಮಾತ್ರ ಒಮ್ಮೆಯೂ ಬಂದಿಲ್ಲ. ಅವನಿಗೆ ಡಾಕ್ಟರ್ ಮಾತ್ರೆ ಬರೆಯಲಿಲ್ಲ. ಬಾಟಲಿ ಪಾನೀಯ ಬಿಡು, ನೀರು ಚೆನ್ನಾಗಿ ಕುಡಿ, ತೂಕ ಇಳಿಸು, ಬೇಳೆ ಸಾರು ಆರಾಮಾಗಿ ಉಣ್ಣು ಅಂದರು.