ಬೆಕ್ಕು–ನಾಯಿಯ ಅಲರ್ಜಿ: ಪರೀಕ್ಷೆ ಮಾಡಿಸುವ ಕ್ರಮ

ಬೆಕ್ಕೋ ನಾಯಿಯೋ ಇರುವ ಮನೆಯಲ್ಲಿ ಯಾರಿಗಾದರೂ ಸೀನು, ಕಣ್ಣು ತುರಿಕೆ, ಉಬ್ಬಸ ಶುರುವಾದರೆ, ಪ್ರಾಣಿಯನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂಬ ಸಲಹೆಯೇ ಮೊದಲು ಬರುತ್ತದೆ. ಪರೀಕ್ಷೆಗೆ ಮುನ್ನ ಆ ತೀರ್ಮಾನ ದಯವಿಟ್ಟು ಬೇಡ. ಈ ಅಲರ್ಜಿಯ ಮೂಲ ಕೂದಲಲ್ಲ; ಪ್ರಾಣಿಯ ಚರ್ಮದಿಂದ ಉದುರುವ ಸೂಕ್ಷ್ಮ ಹೊಟ್ಟು, ಜೊಲ್ಲು ಮತ್ತು ಮೂತ್ರದಲ್ಲಿರುವ ಪ್ರೋಟೀನುಗಳು. ಇವೇ ಲಕ್ಷಣಗಳನ್ನು ಹಾಸಿಗೆಯ ಧೂಳುನುಸಿ, ಜಿರಲೆ, ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂನ ಪರಾಗ ಕೂಡ ತರಬಲ್ಲವು. ಮಂಡ್ಯದ ಕಡೆ ಆಲೆಮನೆಯ ಹೊಗೆಯೂ ಉಬ್ಬಸವನ್ನು ಕೆರಳಿಸಬಹುದು.

ತೊಂದರೆ ಯಾವ ಹೊತ್ತಿನಲ್ಲಿ, ಯಾವ ಕೋಣೆಯಲ್ಲಿ, ಪ್ರಾಣಿಯನ್ನು ಮುಟ್ಟಿದ ಎಷ್ಟು ಹೊತ್ತಿಗೆ ಬಂತು, ಊರಿಗೆ ಹೋದಾಗ ಕಡಿಮೆಯಾಯಿತೇ ಎಂಬುದನ್ನು ಒಂದೆರಡು ವಾರ ಬರೆದಿಡಿ. ವೈದ್ಯರಿಗೆ ಈ ಟಿಪ್ಪಣಿ ಪರೀಕ್ಷೆಯಷ್ಟೇ ಮುಖ್ಯ. ಮೈಸೂರಿನವರು ಕೆ.ಆರ್. ಆಸ್ಪತ್ರೆ ಅಥವಾ ಜೆಎಸ್‌ಎಸ್ ಆಸ್ಪತ್ರೆಯಲ್ಲಿ, ಮಂಡ್ಯದವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲಿ, ಮೂಗಿನ ತೊಂದರೆಗೆ ಕಿವಿ–ಮೂಗು–ಗಂಟಲು ವಿಭಾಗವನ್ನೂ ಉಬ್ಬಸಕ್ಕೆ ಶ್ವಾಸಕೋಶ ವಿಭಾಗವನ್ನೂ ವಿಚಾರಿಸಬಹುದು. ಚರ್ಮದ ಮೇಲೆ ಮಾಡುವ ಅಲರ್ಜಿ ಪರೀಕ್ಷೆ ಅಲ್ಲಿ ನಡೆಯುತ್ತದೆಯೇ, ಅವರ ಪಟ್ಟಿಯಲ್ಲಿ ಬೆಕ್ಕು, ನಾಯಿ ಎರಡೂ ಸೇರಿವೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಹೆಚ್ಚಿನವರು ಎಡವುವುದು ಮಾತ್ರೆಯ ವಿಷಯದಲ್ಲಿ. ಸೆಟಿರಿಜಿನ್, ಲೆವೊಸೆಟಿರಿಜಿನ್, ಫೆಕ್ಸೊಫೆನಡಿನ್‌ನಂಥ ಅಲರ್ಜಿ ಮಾತ್ರೆಗಳು ಚರ್ಮದ ಪ್ರತಿಕ್ರಿಯೆಯನ್ನು ಅಡಗಿಸುವುದರಿಂದ, ವೈದ್ಯರನ್ನು ಕೇಳಿ ಸಾಮಾನ್ಯವಾಗಿ ಪರೀಕ್ಷೆಗೆ ಒಂದು ವಾರ ಮೊದಲೇ ಅವನ್ನು ನಿಲ್ಲಿಸಬೇಕು. ನೆಗಡಿಯ ಮಾತ್ರೆ, ಕೆಮ್ಮಿನ ಸಿರಪ್, ಮಾಂಟೆಲುಕಾಸ್ಟ್ ಎಂಬ ಔಷಧಿಯ ಜೊತೆಗಿನ ಜೋಡಿ ಮಾತ್ರೆಗಳಲ್ಲೂ ಇಂಥ ಔಷಧಿ ಸೇರಿರಬಹುದಾದ್ದರಿಂದ ತೆಗೆದುಕೊಳ್ಳುವ ಎಲ್ಲ ಔಷಧಿಗಳನ್ನೂ ಒಯ್ದು ತೋರಿಸಿ. ಉಬ್ಬಸದ ಇನ್‌ಹೇಲರನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಲೇಬೇಡಿ. ರಕ್ತದೊತ್ತಡ, ಖಿನ್ನತೆಯ ಔಷಧಿ ಅಥವಾ ಗರ್ಭವಿದ್ದರೆ ತಿಳಿಸಿ.

ಪರೀಕ್ಷೆ ಸರಳ. ಮುಂಗೈಯ ಮೇಲೆ ಒಂದೊಂದು ಅಲರ್ಜಿಕಾರಕದ ಹನಿಯಿಟ್ಟು, ಹನಿಯ ಮೂಲಕ ಚರ್ಮವನ್ನು ಮೇಲುಮೇಲೆ ಚುಚ್ಚುತ್ತಾರೆ. ರಕ್ತ ಬರುವಷ್ಟು ಆಳಕ್ಕಲ್ಲ. ಹೋಲಿಕೆಗಾಗಿ ಹಿಸ್ಟಮಿನ್ (ಅಲರ್ಜಿಯಲ್ಲಿ ತುರಿಕೆ, ಗಂಧೆ ತರುವ ರಾಸಾಯನಿಕ) ಮತ್ತು ಲವಣದ್ರಾವಣದ ಹನಿಗಳೂ ಇರುತ್ತವೆ. 15ರಿಂದ 20 ನಿಮಿಷಗಳಲ್ಲಿ ಏಳುವ ಗಂಧೆ, ಲವಣದ್ರಾವಣದ ಗುರುತಿಗಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್ ಎನ್ನುತ್ತಾರೆ. ತುರಿಸಿದರೂ ಕೆರೆಯಬೇಡಿ. ತೀವ್ರ ಪ್ರತಿಕ್ರಿಯೆ ಅಪರೂಪವಾದರೂ ಸಾಧ್ಯವಿರುವುದರಿಂದ, ತುರ್ತು ಚಿಕಿತ್ಸೆಯ ವ್ಯವಸ್ಥೆಯಿರುವಲ್ಲಿಯೇ ಮಾಡಿಸಿ.

ಉಬ್ಬಸ ಹತೋಟಿಯಲ್ಲಿಲ್ಲದವರಿಗೆ, ಮೈತುಂಬ ಇಸುಬು ಇರುವವರಿಗೆ, ಮಾತ್ರೆ ನಿಲ್ಲಿಸಲಾಗದವರಿಗೆ ರಕ್ತಪರೀಕ್ಷೆಯೇ ಸೂಕ್ತ. ಆಗ ಬೆಕ್ಕು ಅಥವಾ ನಾಯಿಗೆ ನಿರ್ದಿಷ್ಟವಾದ ಐಜಿಇ (ಅಲರ್ಜಿಯಲ್ಲಿ ಪಾಲುಗೊಳ್ಳುವ ಪ್ರತಿಕಾಯ) ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಟ್ಟು ಐಜಿಇ ಜಂತುಹುಳುವಿನಿಂದಲೂ ಏರುವುದರಿಂದ ಅದೊಂದರಿಂದ ಕಾರಣ ತಿಳಿಯದು. ಐಜಿಜಿ ಎಂಬ ಬೇರೆ ಪ್ರತಿಕಾಯದ ಪರೀಕ್ಷೆಗೆ ಹಣ ಕೊಡಬೇಡಿ. ಈ ಅಲರ್ಜಿಯನ್ನು ಅದು ಪತ್ತೆ ಮಾಡುವುದಿಲ್ಲ.

ಫಲಿತಾಂಶ ಪಾಸಿಟಿವ್ ಎಂದಮಾತ್ರಕ್ಕೆ ತೊಂದರೆಯೆಲ್ಲ ಪ್ರಾಣಿಯಿಂದಲೇ ಎಂದಲ್ಲ. ಲಕ್ಷಣಗಳೂ ಟಿಪ್ಪಣಿಯೂ ಅದಕ್ಕೆ ಹೊಂದಬೇಕು. ಧೂಳುನುಸಿಗೂ ಪಾಸಿಟಿವ್ ಬಂದಿದ್ದರೆ ಯಾವುದರ ಪಾಲು ಹೆಚ್ಚೆಂದು ವೈದ್ಯರೊಡನೆ ಚರ್ಚಿಸಿ. ಬೆಕ್ಕನ್ನು ಬೇರೆಡೆ ಇಟ್ಟು ನೋಡುವುದಾದರೆ, ಅದರ ಅಲರ್ಜಿಕಾರಕ ಹಾಸಿಗೆ, ಸೋಫಾ, ಪರದೆಗಳಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಒಂದು ವಾರದಲ್ಲಿ ಸೀನು ನಿಲ್ಲಲಿಲ್ಲವೆಂದು ಪರೀಕ್ಷೆಯೇ ತಪ್ಪೆಂದು ತಿಳಿಯಬೇಡಿ.