ಕುಲುಮೆಯ ಮುಂದೆ ಕಾಯುತ್ತಿದ್ದ ಗೇರುಗಳು: ಕೆಲಸ ಬಿಡದೆ ಮಾಡಿದ ಎಂ.ಟೆಕ್

ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್‌ನಲ್ಲಿ ಎಂ.ಟೆಕ್ ಮಾಡಿದ್ದೇನೆ ಎಂದಾಗ ಎದುರಿಗಿದ್ದವರು ಮೊದಲು ಕೇಳುವುದು, "ಎಂಬಿಎ ಮಾಡಬಹುದಿತ್ತಲ್ಲ?" ಎಂದೇ. ಮಾಡಬಹುದಿತ್ತು. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಕೆಲಸದಲ್ಲಿರುವವರಿಗೆಂದೇ ವಾರಾಂತ್ಯದ ಕೋರ್ಸ್ ಇದೆ. ಅಲ್ಲಿ ಓದಿದ ಗೆಳೆಯರು ಈಗ ಊರೂರು ಸುತ್ತುವ ಸಲಹೆಗಾರರಾಗಿದ್ದಾರೆ, ಚೆನ್ನಾಗಿಯೂ ಇದ್ದಾರೆ. ನಾನು ಪೀಣ್ಯದಲ್ಲಿ ಗೇರು, ಅಂದರೆ ಯಂತ್ರಗಳ ಹಲ್ಲುಚಕ್ರ, ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಉತ್ಪಾದನೆ ನೋಡಿಕೊಳ್ಳುವವನು. ಅಲ್ಲಿಂದ ಹೊರಬೀಳುವ ಯೋಚನೆ ನನಗಿರಲಿಲ್ಲ. ವರ್ಷಗಳಿಂದ ಕಣ್ಣೆದುರೇ ಇದ್ದು ಬಿಡಿಸಲಾಗದೆ ಉಳಿದಿದ್ದ ಒಂದೆರಡು ಗಂಟುಗಳನ್ನು ಬಿಡಿಸಬೇಕಿತ್ತು, ಅಷ್ಟೇ.

ಯಂತ್ರ ಬಲ್ಲವನು ಲೆಕ್ಕಪತ್ರವನ್ನೂ ಬಲ್ಲವನಾಗಬೇಕು ಎಂಬ ಮಾತು ಹೊಸದಲ್ಲ. ಅಮೆರಿಕದ ಹೆನ್ರಿ ಟೌನ್ ಎಂಬ ಬೀಗದ ಕಾರ್ಖಾನೆಯ ಇಂಜಿನಿಯರ್ 1886ರಲ್ಲೇ ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದೆ ಪ್ರಬಂಧ ಓದಿ ಇದನ್ನು ವಾದಿಸಿದ್ದ. ಆದರೂ ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನ ವಿಭಾಗ ಮಿಸೌರಿಯ ರೋಲಾದಲ್ಲಿ ತೆರೆದದ್ದು 1967ರಲ್ಲಿ. ಮುಂಬಯಿಯ ನೈಟಿ (NITIE) ಎಂಬ ಕೈಗಾರಿಕಾ ಇಂಜಿನಿಯರಿಂಗ್ ಸಂಸ್ಥೆ ಅದಕ್ಕಿಂತ ಮೊದಲೇ, 1963ರಲ್ಲಿ, ಇದೇ ದಾರಿ ಹಿಡಿದಿತ್ತು. ಈಗ ಅದು ಐಐಎಂ ಮುಂಬಯಿ. ನಮ್ಮವರಿಗೆ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕಟ್ಟೆ ಕಟ್ಟಿದ ವಿಶ್ವೇಶ್ವರಯ್ಯನವರನ್ನು ಎಲ್ಲರೂ ನೆನೆಯುತ್ತಾರೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದರ ಲೆಕ್ಕ ಸರಿಪಡಿಸಲು ಕೂತ ವಿಶ್ವೇಶ್ವರಯ್ಯ ನನಗೆ ಇನ್ನೂ ಹತ್ತಿರದವರು.

ಕೋರ್ಸ್ ಆರಿಸುವಾಗ ನಾನು ಮೊದಲು ನೋಡಿದ್ದು ಪಠ್ಯಕ್ರಮವನ್ನಲ್ಲ, ಮಾನ್ಯತೆಯನ್ನು. ಪೂರ್ವಾನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಕೊಟ್ಟ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಕಟುವಾದ ತೀರ್ಪು ಕೊಟ್ಟಿತು. ಅದರ ಬಿಸಿ ತಟ್ಟಿದ್ದು ಬಡ್ತಿ ಪಡೆದು ನೆಮ್ಮದಿಯಿಂದಿದ್ದ ನೌಕರರಿಗೆ. ಹಾಗಾಗಿ ಮಾರಾಟ ವಿಭಾಗದವರು ಫೋನಿನಲ್ಲಿ ಹೇಳುವ "ಎಲ್ಲ ಅಪ್ರೂವಲ್ ಇದೆ ಸಾರ್" ಎಂಬ ಮಾತನ್ನು ಪಕ್ಕಕ್ಕಿಟ್ಟು, ಯುಜಿಸಿ ಮತ್ತು ಎಐಸಿಟಿಇ ಪಟ್ಟಿಗಳಲ್ಲಿ ಸಂಸ್ಥೆಯ ಹೆಸರನ್ನಷ್ಟೇ ಅಲ್ಲ, ಕೋರ್ಸಿನ ಹೆಸರನ್ನೂ ಕಲಿಸುವ ವಿಧಾನವನ್ನೂ ನಾನೇ ಹುಡುಕಿ ನೋಡಿದೆ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆ ಕೇಳಿದೆ. ಒಂದು ಸಂಸ್ಥೆಯ ಪ್ರಶ್ನೆಗಳೆಲ್ಲ 'ವಿವರಿಸಿ', 'ಟಿಪ್ಪಣಿ ಬರೆಯಿರಿ' ಎಂಬಂಥವು. ಅದನ್ನು ಅಲ್ಲಿಗೇ ಬಿಟ್ಟೆ. ಇನ್ನೊಂದರಲ್ಲಿ ಅಂಕಿಸಂಖ್ಯೆ ಕೊಟ್ಟು ತೀರ್ಮಾನ ಕೇಳಿದ್ದರು. ಅಲ್ಲಿ ಸೇರಿದೆ.

ಅನುಮತಿ ಕೇಳಲು ಹೋದಾಗ ನಮ್ಮ ಜನರಲ್ ಮ್ಯಾನೇಜರ್, "ನೋಡಪ್ಪಾ, ಶನಿವಾರ ಡಿಸ್‌ಪ್ಯಾಚ್ ಇರುತ್ತದೆ, ನೀನು ತರಗತಿಯಲ್ಲಿ ಕೂತರೆ ಟ್ರಕ್ ಯಾರು ತುಂಬಿಸುತ್ತಾರೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ಶನಿವಾರದ ತರಗತಿಗೆ ಬದಲಾಗಿ ಶುಕ್ರವಾರ ರಾತ್ರಿಯೇ ಲೋಡಿಂಗ್ ಪಟ್ಟಿ ಸಿದ್ಧವಾಗಿರುತ್ತದೆ, ಪ್ರಾಜೆಕ್ಟ್ ಕೆಲಸವನ್ನು ನಮ್ಮ ಕಾರ್ಖಾನೆಯ ಸಮಸ್ಯೆಯ ಮೇಲೆಯೇ ಮಾಡುತ್ತೇನೆ ಎಂದು ಬರೆದುಕೊಟ್ಟೆ. ಎರಡನೆಯ ಮಾತು ಅವರಿಗೆ ಹಿಡಿಸಿತು. ಶುಲ್ಕವನ್ನು ಮಾತ್ರ ನಾನೇ ಕಟ್ಟಿದೆ, ಬೇಕೆಂದೇ. ಕಂಪನಿ ಕಟ್ಟಿದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಬರುತ್ತದೆ, ಬಾಂಡ್ ಬಂದರೆ ಪ್ರಾಜೆಕ್ಟ್ ವರದಿಯಲ್ಲಿ ಕಹಿಸತ್ಯ ಬರೆಯುವ ಧೈರ್ಯ ಕಡಿಮೆಯಾಗುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ನನ್ನನ್ನು ಹಿಡಿದು ಕೂರಿಸಿದ ವಿಷಯ ಇಂಜಿನಿಯರಿಂಗ್ ಎಕನಾಮಿಕ್ಸ್. ನಮ್ಮಲ್ಲಿ ಹೊಸ ಯಂತ್ರ ಕೊಳ್ಳುವಾಗ 'ಎಷ್ಟು ವರ್ಷದಲ್ಲಿ ಅಸಲು ಬರುತ್ತದೆ' ಎಂಬ ಒಂದೇ ಪ್ರಶ್ನೆ ಇರುತ್ತಿತ್ತು. 60 ಲಕ್ಷದ ಯಂತ್ರ ವರ್ಷಕ್ಕೆ 15 ಲಕ್ಷ ಉಳಿಸಿದರೆ ನಾಲ್ಕು ವರ್ಷ, ಸಹಿ ಹಾಕಿ ಮುಗಿಸಿ. ಅದೇ ಉಳಿತಾಯ ಆರು ವರ್ಷ ಬರುತ್ತದೆಂದು ಹಿಡಿದು, ಮುಂದೆ ಬರುವ ಹಣವನ್ನು ಶೇ 12ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಸುಮಾರು 61.67 ಲಕ್ಷವಾಗುತ್ತದೆ. ಒಂದೂಮುಕ್ಕಾಲು ಲಕ್ಷದ ಹತ್ತಿರ ಲಾಭ. ದರ ಶೇ 14 ಎಂದು ಹಿಡಿಯಿರಿ, 58.33 ಲಕ್ಷಕ್ಕೆ ಇಳಿಯುತ್ತದೆ. ಅಷ್ಟೇ ಮೊತ್ತ ನಷ್ಟ. ಯಂತ್ರ ಅದೇ, ಆಪರೇಟರ್ ಅದೇ, ಗೇರು ಅದೇ. ಬ್ಯಾಂಕಿನ ದರದಲ್ಲಿ ಎರಡು ಅಂಶ ಆಚೀಚೆಯಾದರೆ ತೀರ್ಮಾನ ತಿರುಗಿ ಬೀಳುತ್ತದೆ. ಹಣಕಾಸು ವಿಭಾಗದವರು ನಮ್ಮ ಪ್ರಸ್ತಾವಗಳನ್ನು ಸುಮ್ಮಸುಮ್ಮನೆ ತಡೆಯುತ್ತಾರೆ ಎಂಬ ಶಾಪ್ ಫ್ಲೋರಿನ ಗೊಣಗಾಟದಲ್ಲಿ ಆಮೇಲೆ ನಾನು ಸೇರಿಕೊಳ್ಳಲಿಲ್ಲ.

ಸಂಘಟನಾ ವರ್ತನೆ ಎಂಬ ವಿಷಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಣದ ಗುರುತುಗಳೂ ತ್ರಿಕೋನಗಳೂ ತುಂಬಿದ ಸ್ಲೈಡುಗಳು ಅವು. ಎರಡನೇ ಶಿಫ್ಟಿನ ಓವರ್‌ಟೈಮ್ ಹಂಚಿಕೆಯ ಜಗಳವನ್ನು ಬಿಡಿಸಲು ಅವುಗಳಲ್ಲಿ ಒಂದೂ ನೆರವಾಗಲಿಲ್ಲ.

ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ನಮ್ಮ ಹೀಟ್ ಟ್ರೀಟ್‌ಮೆಂಟ್ ಕುಲುಮೆಯನ್ನು. 20MnCr5 ಉಕ್ಕಿನ ಗೇರುಗಳನ್ನು ಸುಮಾರು 920 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಗಾಲದ ಅನಿಲದೊಳಗೆ ಗಂಟೆಗಟ್ಟಲೆ ಇಟ್ಟು, ಮೇಲ್ಪದರವನ್ನಷ್ಟೇ ಗಟ್ಟಿ ಮಾಡುವ ಜಾಗ ಅದು. ಪದರದ ಆಳ ಸಮಯದ ವರ್ಗಮೂಲದಂತೆ ಏರುತ್ತದೆ. ಆಳ ಎರಡರಷ್ಟು ಬೇಕಾದರೆ ಹೊತ್ತು ನಾಲ್ಕರಷ್ಟು ಬೇಕು. ಆದ್ದರಿಂದ 0.6 ಮಿಲಿಮೀಟರ್ ಆಳದ ಗೇರನ್ನೂ 1 ಮಿಲಿಮೀಟರ್ ಆಳದ್ದನ್ನೂ ಒಂದೇ ಚಾರ್ಜಿನಲ್ಲಿ, ಅಂದರೆ ಕುಲುಮೆಗೆ ಒಮ್ಮೆಗೆ ತುಂಬುವ ಹೊರೆಯಲ್ಲಿ, ಹಾಕುವಂತಿಲ್ಲ. ಒಂದೊಂದು ಆಳದ ಗೇರುಗಳೂ ತಮ್ಮ ಚಾರ್ಜು ತುಂಬುವವರೆಗೆ ಟ್ರಾಲಿಯಲ್ಲೇ ಕಾಯಬೇಕು. ಎಣ್ಣೆ ಸವರಿದ ಗೇರುಗಳ ಟ್ರಾಲಿಗಳು ಕುಲುಮೆಯಿಂದ, ಗೇರಿಗೆ ಹಲ್ಲು ಕೊರೆಯುವ ಹಾಬಿಂಗ್ ವಿಭಾಗದ ಗೋಡೆಯವರೆಗೆ ನಿಂತಿರುತ್ತಿದ್ದವು. ಕೆಲವಕ್ಕೆ ಕಟ್ಟಿದ್ದ ರೂಟ್ ಕಾರ್ಡು ಎಣ್ಣೆ ಕುಡಿದು ಓದಲಾಗದಂತಾಗಿ, ಯಾವ ಗೇರಿಗೆ ಯಾವ ಆಳ ಎಂದು ಕಂಪ್ಯೂಟರಿನಲ್ಲಿ ಮತ್ತೆ ಹುಡುಕಬೇಕಾಗುತ್ತಿತ್ತು.

ಲಿಟಲ್ ಎಂಬಾತ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸೂತ್ರವಿದೆ: ಸಾಲಿನಲ್ಲಿರುವುದನ್ನು ದಿನಕ್ಕೆ ಹೊರಬರುವುದರಿಂದ ಭಾಗಿಸಿದರೆ ಕಾಯುವ ಸಮಯ. ದಿನಕ್ಕೆ 12 ಟ್ರಾಲಿ ಹೊರಬರುವ ಕಡೆ 60 ನಿಂತಿದ್ದರೆ, ಇಂದು ಬಂದು ಸೇರಿದ ಗೇರಿಗೆ ಐದು ದಿನ. ಇಷ್ಟು ಸರಳ ಲೆಕ್ಕವನ್ನು ಗೋಡೆಗೆ ಅಂಟಿಸಿದ ಮೇಲೆ ಮಾರಾಟ ವಿಭಾಗದವರು "ನಾಡಿದ್ದು ಕೊಡುತ್ತೇವೆ" ಎಂದು ಗ್ರಾಹಕರಿಗೆ ಮಾತು ಕೊಡುವುದು ಕಡಿಮೆಯಾಯಿತು. ಎರಡನೆಯ ಲೆಕ್ಕ ಇನ್ನೂ ಒರಟು. ಕೆಲಸ ಬರುವುದೂ ಮುಗಿಯುವುದೂ ಏರುಪೇರಾಗುವ ಸರಳ ಮಾದರಿಯಲ್ಲಿ, ಯಂತ್ರವನ್ನು ಶೇ 80ರಷ್ಟು ಹೊತ್ತು ದುಡಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಹೊತ್ತಿನ ನಾಲ್ಕು ಪಟ್ಟು ಕಾಯಬೇಕು. ಶೇ 90ಕ್ಕೆ ಏರಿಸಿದರೆ ಒಂಬತ್ತು ಪಟ್ಟು. ಶೇ 95ಕ್ಕೆ ಹತ್ತೊಂಬತ್ತು. ನಮ್ಮಲ್ಲಿ ತಿಂಗಳ ಸಭೆಯಲ್ಲಿ ಚಪ್ಪಾಳೆ ಸಿಗುತ್ತಿದ್ದುದು ಶೇ 95 ಮುಟ್ಟಿದ ವಿಭಾಗಕ್ಕೆ.

ಕುಲುಮೆಯ ಸೂಪರ್‌ವೈಸರ್ ನನಗಿಂತ ಹಿರಿಯರು, ಜ್ವಾಲೆಯ ಬಣ್ಣ ನೋಡಿಯೇ ಅನಿಲದ ಏರುಪೇರು ಹೇಳುವವರು. ಅರ್ಧ ತುಂಬಿದ ಚಾರ್ಜನ್ನೇಕೆ ಹಾಕುವುದಿಲ್ಲ ಎಂದು ಕೇಳಿದೆ. "ಸಾರ್, ನನ್ನನ್ನು ಅಳೆಯುವುದು ಕಿಲೋಗೆ ಎಷ್ಟು ಯೂನಿಟ್ ಕರೆಂಟ್ ಎಂದು. ಅರ್ಧ ಚಾರ್ಜು ಹಾಕಿದರೆ ನನ್ನ ಹೆಸರು ಕೆಂಪು ಶಾಯಿಯಲ್ಲಿ ಬರುತ್ತದೆ," ಎಂದರು. ಪ್ರಾಜೆಕ್ಟಿನ ಅರ್ಧ ಭಾಗ ಆ ಒಂದು ಮಾತಿನಲ್ಲೇ ಇತ್ತು. ಅವರು ಅಳತೆಗೆ ತಕ್ಕಂತೆ ನಡೆಯುತ್ತಿದ್ದರು. ಅಳತೆ ಇಟ್ಟವರು ನಾವು.

ಪರಿಹಾರ ಕಾಗದದ ಮೇಲೆ ಸಣ್ಣದು. ಚಾರ್ಜು ತುಂಬುವುದನ್ನು ಕಾಯದೆ, ಕೆಎಸ್ಆರ್‌ಟಿಸಿ ವೇಳಾಪಟ್ಟಿಯಂತೆ ಪ್ರತಿ ಆಳಕ್ಕೂ ವಾರದಲ್ಲಿ ಗೊತ್ತಾದ ಹೊತ್ತು. ಆ ಹೊತ್ತಿಗೆ ಎಷ್ಟು ಬಂದಿದೆಯೋ ಅಷ್ಟನ್ನು ಹಾಕಿ ಬಾಗಿಲು ಮುಚ್ಚುವುದು. ಇದರಿಂದ ಹಾಬಿಂಗ್‌ನವರಿಗೂ ತಮ್ಮ ಸೆಟ್ಟಿಂಗ್ ಬದಲಿಸುವ ಸರದಿ ಮೊದಲೇ ತಿಳಿಯಿತು. ಎಲ್ಲ ಚಾರ್ಜುಗಳನ್ನೂ ಬೇಕೆಂದಾಗ ಅರ್ಧಕ್ಕೇ ಹಾಕಿದರೆ ಕುಲುಮೆಯ ಸಾಮರ್ಥ್ಯವೇ ಕರಗಿ ಸಾಲು ಇನ್ನೂ ಬೆಳೆಯುತ್ತದೆ ಎಂಬುದನ್ನು ಸ್ಪ್ರೆಡ್‌ಶೀಟಿನ ಸಿಮ್ಯುಲೇಷನ್ ತೋರಿಸಿತು. ಹಾಗಾಗಿ ಹೆಚ್ಚು ಓಡುವ ಆಳಗಳಿಗೆ ಹೆಚ್ಚು ಸರದಿ, ಅಪರೂಪದ್ದಕ್ಕೆ ವಾರಕ್ಕೊಂದೇ ಎಂದು ಹಂಚಬೇಕಾಯಿತು. ಸೂಪರ್‌ವೈಸರ್‌ರ ಅಳತೆಯಲ್ಲಿ ಕರೆಂಟಿನ ಜೊತೆಗೆ 'ವೇಳಾಪಟ್ಟಿಯಂತೆ ಹಾಕಿದ ಚಾರ್ಜು' ಎಂಬ ಸಾಲನ್ನೂ ಸೇರಿಸಿದೆವು. ಕಾಯುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ವಿದ್ಯುತ್ ಬಿಲ್ ಸ್ವಲ್ಪ ಏರಿತು, ಅದನ್ನೂ ವರದಿಯಲ್ಲಿ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಪ್ರಶ್ನೆ ಬಂದದ್ದು ಆ ಏರಿಕೆಯ ಮೇಲೆಯೇ. ತಡವಾದ ಗೇರಿಗೆ ನಾವು ಕಟ್ಟುತ್ತಿದ್ದ ವಿಶೇಷ ಲಾರಿ ಬಾಡಿಗೆಯ ಬಿಲ್ಲುಗಳನ್ನು ಪಕ್ಕದಲ್ಲಿಟ್ಟು ಉತ್ತರ ಕೊಟ್ಟೆ.

ಸಂಬಳ ಕೂಡಲೇ ಏರಲಿಲ್ಲ, ಏರುತ್ತದೆಂದು ಸೇರುವವರು ಈ ಕೋರ್ಸಿಗೆ ಬರಬಾರದು. ಮನೆಯವರ ಪಾಲಿನದ್ದನ್ನೂ ಹೇಳಬೇಕು: ಪರೀಕ್ಷೆಯ ತಿಂಗಳುಗಳಲ್ಲಿ ನೆಂಟರ ಮದುವೆಗಳಿಗೆ ನನ್ನ ಪರವಾಗಿ ಹೋಗಿಬಂದು ಮಾತು ಕೇಳಿಸಿಕೊಂಡವಳು ನನ್ನ ಹೆಂಡತಿ.

ಈಚೆಗೆ ಎರಡನೇ ಕುಲುಮೆಯ ಪ್ರಸ್ತಾವ ಬಂದಾಗ ನಾನೇ ಅದನ್ನು ತಡೆಹಿಡಿದೆ. 1 ಮಿಲಿಮೀಟರ್ ಆಳ ಬೇಕೆಂದು ನಕ್ಷೆಯಲ್ಲಿ ಬರೆದವರು ಯಾರು, ಏಕೆ ಎಂದು ಗ್ರಾಹಕರ ವಿನ್ಯಾಸ ವಿಭಾಗವನ್ನು ಕೇಳಿದೆವು. ಹಳೆಯ ನಕ್ಷೆಯಿಂದ ಹಾಗೇ ಬಂದದ್ದು ಎಂದು ತಿಳಿಯಿತು. 0.8 ಸಾಕಾದರೆ ಇಂಗಾಲ ಹಿಡಿಸುವ ಹೊತ್ತು ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚೇ ಉಳಿಯುತ್ತದೆ. ಬಾಳಿಕೆಯ ಪರೀಕ್ಷೆಯಾದ ಮೇಲೆ ಒಂದು ಗೇರಿಗೆ ಒಪ್ಪಿದ್ದಾರೆ. ಇನ್ನೆರಡು ಗೇರುಗಳು ಪರೀಕ್ಷಾ ಯಂತ್ರದ ಮೇಲೆ ತಿರುಗುತ್ತಿವೆ. ಅವುಗಳ ಫಲಿತಾಂಶ ಬರುವವರೆಗೆ ಕುಲುಮೆಯ ಕೊಟೇಶನ್ ನನ್ನ ಮೇಜಿನ ಮೇಲೇ ಇರುತ್ತದೆ.