ಮುಂದಿನ ಚೈನ್‌ವೀಲಿಗೆ ಎಷ್ಟು ಹಲ್ಲು? ಟ್ರಯಲ್ಸ್ ಸೈಕಲ್ ಜೊತೆ ನನ್ನ ಅನುಭವ

"ಗೇರ್ ಸೈಕಲ್ ತಗೊಂಡು ಗೇರ್ ಬಿಚ್ಚಿಸೋರನ್ನ ಇವತ್ತೇ ನೋಡಿದ್ದು ಸಾರ್" ಅಂದರು ನಮ್ಮ ಏರಿಯಾದ ಸೈಕಲ್ ಶಾಪ್ ಅಣ್ಣ. ನನ್ನ ಹಳೆಯ 26 ಇಂಚಿನ ಎಂಟಿಬಿಗೆ (ಮೌಂಟನ್ ಬೈಕ್) ಮುಂದೆ ಮೂರು ಚೈನ್‌ವೀಲ್, ಅಂದರೆ ಪೆಡಲ್ ಹತ್ತಿರದ ಹಲ್ಲುಚಕ್ರ, ಇತ್ತು: 44, 32, 22 ಹಲ್ಲು. ದೊಡ್ಡವೆರಡನ್ನೂ ಬಿಚ್ಚಿ, ಒಳಗಿನ ಪುಟ್ಟ 22ರದ್ದನ್ನು ಮಾತ್ರ ಬಿಡಿ ಅಂದಿದ್ದೆ. ಅವರ ಲೆಕ್ಕದಲ್ಲಿ ನಾನು ಒಳ್ಳೆಯದನ್ನೆಲ್ಲ ಕಿತ್ತು ಯಾರೂ ಮುಟ್ಟದ ಒಂದನ್ನು ಉಳಿಸಿಕೊಳ್ಳುತ್ತಿದ್ದೆ. "ಇದರಲ್ಲಿ ಬೆಳಗ್ಗೆ ಆಫೀಸಿಗೆ ಹೊರಟ್ರೆ ಸಾಯಂಕಾಲ ತಲುಪ್ತೀರ" ಅಂತಲೂ ಸೇರಿಸಿದರು. ಅದೇನೂ ಸುಳ್ಳಲ್ಲ.

ಟ್ರಯಲ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಕಾಲು ನೆಲಕ್ಕೆ ಇಡದೆ ಬಂಡೆ, ದಿಮ್ಮಿ, ಕಟ್ಟೆಗಳ ಮೇಲೆ ಸೈಕಲ್ ಹತ್ತಿಸಿ, ಹಾರಿಸಿ, ಇಳಿಸುವ ಆಟ ಇದು. ಸ್ಪರ್ಧೆಯ ಸೈಕಲ್‌ಗಳಲ್ಲಿ ಎಷ್ಟೋ ಸಲ ಸೀಟೇ ಇರುವುದಿಲ್ಲ. ಮೋಟಾರ್‌ಸೈಕಲ್ ಟ್ರಯಲ್ಸಿನಿಂದ ಹುಟ್ಟಿದ ಮಗು ಇದು. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮೊಂಟೆಸಾ ಮೋಟಾರ್‌ಸೈಕಲ್ ಓಡಿಸುತ್ತಿದ್ದ ಪೆರೆ ಪಿ ತಮ್ಮ ಮಗ ಓಟ್ ಪಿಗೋಸ್ಕರ ಇಂಥ ಸೈಕಲ್ ಮಾಡಿದರು, ಮುಂದೆ ಅದೇ ಮೊಂಟಿ ಕಂಪನಿಯಾಯಿತು, ಮಗ ವಿಶ್ವ ಚಾಂಪಿಯನ್ ಆದ. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್. 2009ರಲ್ಲಿ ಎಡಿನ್‌ಬರೋ ಬೀದಿಗಳಲ್ಲಿ ಅವರು ಮಾಡಿದ ವಿಡಿಯೊ ನೋಡಿದವರಿಗೆ ಬೇರೆ ವಿವರಣೆ ಬೇಡ. ನಾನು ಅವರ ಹತ್ತಿರಕ್ಕೂ ಸುಳಿಯುವವನಲ್ಲ. ನನ್ನ ಅಖಾಡ ನಮ್ಮ ಲೇಔಟಿನ ಒಂದು ಖಾಲಿ ಸೈಟು, ಅಲ್ಲಿ ಯಾರೋ ಮನೆ ಕಟ್ಟಲು ಇಳಿಸಿ ಮರೆತ ಸೈಜ್ ಕಲ್ಲಿನ ರಾಶಿ.

ಈಗ ವಿಷಯಕ್ಕೆ ಬರುತ್ತೇನೆ. ಟ್ರಯಲ್ಸಿನಲ್ಲಿ ಪೆಡಲ್ ತುಳಿದುಕೊಂಡು ಹೋಗುವುದು ಕಡಿಮೆ. ಹಿಂದಿನ ಚಕ್ರದ ಮೇಲೆ ನಿಂತು, ಬ್ರೇಕ್ ಹಿಡಿದು, ಮುಂದಿನ ಚಕ್ರ ಗಾಳಿಯಲ್ಲಿಟ್ಟು, ಬ್ರೇಕ್ ಬಿಟ್ಟ ಕ್ಷಣವೇ ಪೆಡಲ್‌ಗೆ ಒಂದು ಒದೆ ಕೊಡಬೇಕು. ಆ ಒದೆಯಲ್ಲಿ ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ಹೆಚ್ಚೆಂದರೆ ಕಾಲು (1/4) ಸುತ್ತು ತಿರುಗುತ್ತದೆ. ನಿಮಗೆ ಸಿಗುವುದು ಅಷ್ಟೇ. ಹಾಗಾಗಿ ಹಲ್ಲು ಎಷ್ಟು ಅಂತ ಕೇಳುವ ಮೊದಲು ಕಾಲು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತೆ ಅಂತ ಕೇಳಬೇಕು. ಇದು ನನಗೆ ತಲೆಗೆ ಹೋಗಲು ಎರಡು ತಿಂಗಳು ಹಿಡಿಯಿತು.

ಮೊದಲು ನಾನು ಮಾಡಿದ ಒಂದೇ ಬುದ್ಧಿವಂತಿಕೆ ಕೆಲಸ ಅಂದರೆ ಏನನ್ನೂ ಕೊಳ್ಳದೆ ಇದ್ದದ್ದರಲ್ಲೇ ಪರೀಕ್ಷೆ ಮಾಡಿದ್ದು. ಹಿಂದಿನ ಎಂಟು ಗೇರಿನ ಕ್ಯಾಸೆಟ್ಟಿನಲ್ಲಿ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) 15, 18, 21, ಎಲ್ಲಕ್ಕಿಂತ ದೊಡ್ಡದು 32, ಹೀಗೆ ಬೇಕಾದಷ್ಟು ಹಲ್ಲು ಇತ್ತು. ಮುಂದೆ 22ರಲ್ಲೇ ಬಿಟ್ಟು ಹಿಂದೆ ಬದಲಾಯಿಸುತ್ತಾ ಹೋದೆ. ಪಾರ್ಕಿಂಗಿನಲ್ಲಿ ನೆಲಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಮುಂದಿನ ಪೆಡಲ್ ನೇರ ಮೇಲಿಟ್ಟು, ಅದು ನೆಲಕ್ಕೆ ಸಮವಾಗುವವರೆಗೆ ಕೈಯಲ್ಲೇ ತಳ್ಳಿ, ಟೇಪಿನಲ್ಲಿ ಅಳೆದೆ. ಹಿಂದೆ 15 ಹಾಕಿದರೆ ಕಾಲು ಸುತ್ತಿಗೆ ಸುಮಾರು 76 ಸೆಂಟಿಮೀಟರ್. 18ಕ್ಕೆ 63. 21ಕ್ಕೆ 54. 32ಕ್ಕೆ ಬರೀ 36. ಮಗಳು ಪಕ್ಕದಲ್ಲಿ ಕೂತು ಬರೆದುಕೊಂಡಳು, "ಅಪ್ಪಾ ಇದು ಹೋಮ್‌ವರ್ಕಾ?" ಅಂತ ಕೇಳಿದಳು. ಹೌದು ಅಂದೆ.

ಆಮೇಲೆ ಅದನ್ನೇ ಕಲ್ಲಿನ ರಾಶಿಯ ಮೇಲೆ ನೋಡಿದೆ. 32ರಲ್ಲಿ ಒದ್ದರೆ ಪೆಡಲ್ ಸರ್ರಂತ ಕೆಳಗೆ ಹೋಗುತ್ತೆ, ಸೈಕಲ್ ಇದ್ದಲ್ಲೇ ಇರುತ್ತೆ, ಮುಂದಿನ ಚಕ್ರ ಮಾತ್ರ ಮೂಗಿನ ತನಕ ಎದ್ದು ನೀವು ಹಿಂದಕ್ಕೆ ಕೂತುಬಿಡುತ್ತೀರಿ. ನಾನು ಕೂತೆ. 15ರಲ್ಲಿ ಉಲ್ಟಾ. ಒದ್ದರೆ ಗೋಡೆಗೆ ಒದ್ದ ಹಾಗೆ, ಮಂಡಿಯಲ್ಲಿ ಕಟ್ ಅನ್ನುತ್ತೆ. ಓಡಿ ಬಂದು ಹಾರುವುದಾದರೆ ಅದು ಚೆನ್ನ, ನಿಂತಲ್ಲಿಂದ ಏಳುವುದಕ್ಕೆ ಆಗಲ್ಲ. 21 ಆರಾಮ, ಕಲಿಯುವಾಗ ಹಿಂದಿನ ಚಕ್ರದ ಮೇಲೆ ಕುಪ್ಪಳಿಸಲು ತುಂಬಾ ಹಿತ, ಆದರೆ ಎರಡು ಕಲ್ಲಿನ ನಡುವಿನ ಅಂತರ ಸ್ವಲ್ಪ ಜಾಸ್ತಿಯಾದರೆ ಒದೆ ಮುಗಿದುಹೋಗಿ ಚಕ್ರ ಅಂಚಿಗೆ ಬಡಿಯುತ್ತೆ. ಮುಂದಿನ 22ಕ್ಕೆ ಹಿಂದೆ 18, ನನ್ನ 70 ಕಿಲೋ ತೂಕಕ್ಕೆ, 170 ಮಿಲಿಮೀಟರ್ ಕ್ರ್ಯಾಂಕಿಗೆ, ಸರಿಯಾಗಿ ಕೂತಿತು.

ಇದು ತೀರ್ಮಾನವಾದ ಮೇಲೇ ಶಾಪ್ ಅಣ್ಣನ ಹತ್ತಿರ ಹೋಗಿದ್ದು. ಇಲ್ಲೊಂದು ಎಚ್ಚರಿಕೆ: ಕಡಿಮೆ ಬೆಲೆಯ ಎಷ್ಟೋ ಎಂಟಿಬಿಗಳಲ್ಲಿ ಮೂರೂ ಚೈನ್‌ವೀಲನ್ನು ಸೇರಿಸಿ ರಿವಿಟ್ ಹೊಡೆದಿರುತ್ತಾರೆ, ಬಿಚ್ಚಲಾಗುವುದಿಲ್ಲ. ಬೋಲ್ಟ್ ಇದ್ದರೆ ಮಾತ್ರ ಈ ಆಟ. ನನ್ನದರಲ್ಲಿ ಬೋಲ್ಟ್ ಇತ್ತು, ಪುಣ್ಯ.

ಬಿಚ್ಚಿದ ಮೇಲೆ ಹಿಂದೆ ಒಂದೇ ಹಲ್ಲುಚಕ್ರ ಬೇಕಲ್ವಾ? ದುಡ್ಡು ಉಳಿಸಲು ಹಳೇ ಕ್ಯಾಸೆಟ್ಟಿನಿಂದಲೇ 18ರದ್ದನ್ನು ತೆಗೆದು, ಮಧ್ಯದ ಪ್ಲಾಸ್ಟಿಕ್ ರಿಂಗುಗಳನ್ನೇ ಎರಡೂ ಕಡೆ ತುಂಬಿ, ಮುಂದಿನದಕ್ಕೆ ನೇರವಾಗಿ ಕೂರಿಸಿದೆ. ನೋಡಲು ಚೆನ್ನಾಗಿತ್ತು. ಮೂರನೇ ದಿನ, ಎರಡು ಅಡಿ ಎತ್ತರದ ಕಲ್ಲಿಗೆ ಏಳಲು ಒದ್ದಾಗ ಚೈನ್ ಒಂದು ಹಲ್ಲು ಹಾರಿತು. ಟಕ್ ಅಂತ ಒಂದೇ ಸದ್ದು. ಪೆಡಲ್ ಕೆಳಗೆ ಬಿತ್ತು, ನನ್ನ ಮೊಣಕಾಲು ಹ್ಯಾಂಡಲಿನ ಸ್ಟೆಮ್‌ಗೆ, ಮೊಳಕಾಲ ಕೆಳಗಿನ ಮೂಳೆ ಪೆಡಲಿನ ಪಿನ್ನುಗಳಿಗೆ. ಐದು ಹೊಲಿಗೆ. ತಪ್ಪು ಪೂರ್ತಿ ನನ್ನದೇ. ಗೇರ್ ಕ್ಯಾಸೆಟ್ಟಿನ ಹಲ್ಲನ್ನು ಚೈನ್ ಸುಲಭವಾಗಿ ಪಕ್ಕಕ್ಕೆ ದಾಟಲಿ ಅಂತಲೇ ಗಿಡ್ಡವಾಗಿ, ಓರೆಯಾಗಿ ಕೊರೆದಿರುತ್ತಾರೆ. ನಮಗೆ ಬೇಕಾದ್ದು ದಾಟದ ಹಲ್ಲು. ಸಿಂಗಲ್ ಸ್ಪೀಡಿಗೆ (ಒಂದೇ ಗೇರಿನ ಸೈಕಲ್) ಅಂತ ಬರುವ ಹಲ್ಲುಚಕ್ರಗಳಲ್ಲಿ ಹಲ್ಲು ಉದ್ದ, ಬುಡವೂ ಅಗಲ, ಚಕ್ರದ ನಡುವಿನ ಹಬ್‌ನ ಅಲ್ಯೂಮಿನಿಯಮ್ಮನ್ನು ಕೊರೆಯುವುದಿಲ್ಲ. ಹೊಲಿಗೆ ಬಿಚ್ಚಿಸಿದ ದಿನವೇ ಅದನ್ನು ತರಿಸಿದೆ.

ಚೈನ್ ಬಿಗಿ ಇನ್ನೊಂದು ತಲೆನೋವು. ಹಳೇ ಅಟ್ಲಾಸ್ ಸೈಕಲ್ಲಿನಲ್ಲಾದರೆ ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದು ನಟ್ಟು ಬಿಗಿದರೆ ಮುಗಿಯಿತು. ಗೇರ್ ಸೈಕಲ್ಲಿನ ಫ್ರೇಮಿನಲ್ಲಿ ಚಕ್ರ ಕೂರುವ ಸೀಳು ಕೆಳಗಿನಿಂದ ನೇರ ಮೇಲಕ್ಕಿರುತ್ತೆ, ಎಳೆಯಲು ಜಾಗವೇ ಇಲ್ಲ. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಹಾಕಲೇಬೇಕು. ಚೈನನ್ನು ಕೆಳಕ್ಕೆ ಎಳೆಯುವುದಕ್ಕಿಂತ ಮೇಲಕ್ಕೆ ಒತ್ತುವ ಹಾಗೆ ಹಾಕಿ, ಆಗ ಹಿಂದಿನ ಹಲ್ಲುಗಳಿಗೆ ಚೈನ್ ಹೆಚ್ಚು ಸುತ್ತಿಕೊಳ್ಳುತ್ತೆ. ನಾನು ಮೊದಲು ಕೆಳಕ್ಕೆ ಹಾಕಿದ್ದೆ.

ಮುಂದೆ ಹಲ್ಲು ಕಡಿಮೆಯಾದಷ್ಟೂ ಚೈನಿಗೆ ಹೊರೆ ಜಾಸ್ತಿ. ಲೆಕ್ಕ ಸುಲಭ. 22 ಹಲ್ಲಿನ ಚೈನ್‌ವೀಲಿನ ಅರ್ಧವ್ಯಾಸ ಸುಮಾರು 45 ಮಿಲಿಮೀಟರ್. ಕ್ರ್ಯಾಂಕ್ 170. ನನ್ನ 70 ಕಿಲೋ ಪೂರ್ತಿ ಪೆಡಲ್ ಮೇಲೆ ನಿಂತರೆ ಚೈನಿನಲ್ಲಿ 267 ಕಿಲೋ ಎಳೆತ. ಅದೇ ಮುಂದೆ 18 ಹಲ್ಲಾದರೆ 325 ಕಿಲೋ. ಸುಮ್ನೆ ನಿಂತರೆ ಇಷ್ಟು. ಒದ್ದರೆ ಇನ್ನೂ ಮೇಲೆ. ಹಾಗಾಗಿ ಚೈನಿನಲ್ಲಿ ಜಿಪುಣತನ ಬೇಡವೇ ಬೇಡ, ವಾರಕ್ಕೊಮ್ಮೆ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ತಿರುವಿ ನೋಡುತ್ತೇನೆ. ಬಿಗಿಯಾಗಿ ತಿರುಗುವ ಕೊಂಡಿ, ಪಿನ್ನು ಒಂದು ಕೂದಲಿನಷ್ಟು ಹೊರಗೆ ಬಂದದ್ದು, ಇವೆರಡು ಕಂಡರೆ ಅವತ್ತು ಸೈಕಲ್ ಹೊರಗೆ ತೆಗೆಯಲ್ಲ.

ವರ್ಷವಾದ ಮೇಲೆ ಒಬ್ಬ ಗೆಳೆಯ ವಿದೇಶದಿಂದ ವಾಪಸ್ ಬರುವಾಗ ತಂದಿದ್ದ ನಿಜವಾದ 26 ಇಂಚಿನ ಟ್ರಯಲ್ಸ್ ಸೈಕಲ್ಲನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡೆ. ಮುಂದೆ 18, ಹಿಂದೆ 15. ಮನೆಗೆ ತಂದವನೇ ಲೆಕ್ಕ ಹಾಕಿದೆ: 22ನ್ನು 18ರಿಂದ ಭಾಗಿಸಿದರೆ 1.22. 18ನ್ನು 15ರಿಂದ ಭಾಗಿಸಿದರೆ 1.2. ಎರಡೂ ಒಂದೇ! ಇಷ್ಟಕ್ಕೆ ದುಡ್ಡು ಕೊಟ್ಟೆನಾ ಅಂತ ಒಂದು ಕ್ಷಣ ಹೊಟ್ಟೆ ಉರಿಯಿತು. ಮರುದಿನ ಕಲ್ಲಿನ ಮೇಲೆ ನಿಂತು ಒದ್ದೆ. ಹಳೇ ಸೈಕಲ್ಲಿನಲ್ಲಿ ನಾಲ್ಕು ಸಲಕ್ಕೆ ಒಮ್ಮೆ ಏರುತ್ತಿದ್ದ ಕಲ್ಲಿಗೆ ಮೊದಲ ಒದೆಗೇ ಏರಿದೆ.

ಕಾರಣ ಫ್ರೀವೀಲ್, ಅಂದರೆ ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಭಾಗ, ಇರುವ ಜಾಗ. ಮಾಮೂಲಿ ಸೈಕಲ್ಲಿನಲ್ಲಿ ಕಟಕಟ ಅನ್ನುವ ಫ್ರೀವೀಲ್ ಹಿಂದಿನ ಹಬ್ಬಿನಲ್ಲಿರುತ್ತೆ. ನನ್ನ ಹಳೇ ಹಬ್ಬನ್ನು ಕಿವಿ ಹತ್ತಿರ ಇಟ್ಟು ಒಂದು ಸುತ್ತಿಗೆ ಎಣಿಸಿದೆ, 16 ಕ್ಲಿಕ್. ಅಂದರೆ ಒಂದು ಕ್ಲಿಕ್ಕಿಂದ ಇನ್ನೊಂದಕ್ಕೆ 22.5 ಡಿಗ್ರಿ. 22ಕ್ಕೆ 18ರ ಲೆಕ್ಕದಲ್ಲಿ ಅದು ಕ್ರ್ಯಾಂಕಿಗೆ ಬರುವಾಗ ಸುಮಾರು 18 ಡಿಗ್ರಿ. ಪೆಡಲ್ ಐದು ಸೆಂಟಿಮೀಟರಿಗಿಂತ ಜಾಸ್ತಿ ಸುಮ್ನೆ ಕೆಳಗಿಳಿದ ಮೇಲೆ ಚಕ್ರ ಕಚ್ಚಿಕೊಳ್ಳಬಹುದು. ನಮ್ಮ ಹತ್ತಿರ ಇರುವುದೇ 90 ಡಿಗ್ರಿ, ಅದರಲ್ಲಿ ಐದನೇ ಒಂದು ಪಾಲು ಗಾಳಿಗೆ! ಅದೂ ಪ್ರತಿ ಸಲ ಒಂದೇ ಥರ ಅಲ್ಲ, ಒಮ್ಮೆ ತಕ್ಷಣ ಕಚ್ಚುತ್ತೆ, ಇನ್ನೊಮ್ಮೆ ಕೊನೆಗೆ. ನಾನು ಕಾಲಿಗೆ ಅಭ್ಯಾಸ ಸಾಲದು ಅಂದುಕೊಂಡು ತಿಂಗಳುಗಟ್ಟಲೆ ಬೈದುಕೊಂಡಿದ್ದೆ.

ಟ್ರಯಲ್ಸ್ ಸೈಕಲ್ಲಿನಲ್ಲಿ ಫ್ರೀವೀಲ್ ಮುಂದೆ, ಕ್ರ್ಯಾಂಕಿನ ಮೇಲೇ ಇರುತ್ತೆ. 18 ಹಲ್ಲಿನ ಚೈನ್‌ವೀಲೇ ಫ್ರೀವೀಲ್. ನನ್ನದು 72 ಕ್ಲಿಕ್ಕಿನದು, ಒಂದಕ್ಕೊಂದು 5 ಡಿಗ್ರಿ, ಪೆಡಲ್‌ನಲ್ಲಿ ಒಂದೂವರೆ ಸೆಂಟಿಮೀಟರ್. 108 ಕ್ಲಿಕ್ಕಿನವೂ ಸಿಗುತ್ತವೆ, ದುಬಾರಿ. ಹಿಂದೆ ಇರುವ 15ರದ್ದು ಚಕ್ರಕ್ಕೆ ಕಚ್ಚಿಕೊಂಡೇ ತಿರುಗುತ್ತೆ, ಹಾಗಾಗಿ ನೀವು ಪೆಡಲ್ ನಿಲ್ಲಿಸಿದರೂ ಚೈನ್ ಓಡುತ್ತಲೇ ಇರುತ್ತೆ. ಸಡಿಲ ಪ್ಯಾಂಟ್ ಹಾಕಬೇಡಿ. ನನ್ನ ಒಂದು ಟ್ರ್ಯಾಕ್ ಪ್ಯಾಂಟಿನ ಬಲಗಾಲು ಈಗ ಮನೆಯಲ್ಲಿ ಚೈನ್ ಒರೆಸುವ ಬಟ್ಟೆ.

ಇನ್ನೊಂದು ಲಾಭ ನೆಲದಿಂದ ಎತ್ತರ. 22ರದ್ದು ಚಿಕ್ಕದಾದರೂ ಅದನ್ನು ಕಾಪಾಡಲು 32ರ ಜಾಗದಲ್ಲಿ ಒಂದು ದುಂಡು ತಟ್ಟೆ ಹಾಕಿಸಿದ್ದೆ, ಪೀಣ್ಯದ ಲೇಥ್ ಶಾಪಿನಲ್ಲಿ 6 ಮಿಲಿಮೀಟರ್ ಅಲ್ಯೂಮಿನಿಯಮ್ ಪ್ಲೇಟಿನಿಂದ ಕೊರೆಸಿ. ಆ ಬೋಲ್ಟುಗಳ ವೃತ್ತವೇ 104 ಮಿಲಿಮೀಟರ್, ಹಾಗಾಗಿ ತಟ್ಟೆ 12 ಸೆಂಟಿಮೀಟರ್ ಅಗಲವಾಯಿತು. ಚಿಕ್ಕ ಚೈನ್‌ವೀಲ್ ಹಾಕಿದ ಲಾಭವೆಲ್ಲ ಅಲ್ಲೇ ಸೋರಿಹೋಯಿತು. ಮುಂದಿನ ಫ್ರೀವೀಲಿಗೆ ಅದರಷ್ಟೇ ಗಾತ್ರದ ರಿಂಗ್ ಸಾಕು. ಒಂದು ಬೆರಳಿನಷ್ಟು ವ್ಯತ್ಯಾಸ, ಆದರೆ ಕಲ್ಲಿನ ಅಂಚಿಗೆ ಹೊಟ್ಟೆ ತಾಗಿ ನಿಲ್ಲುವುದು ಇದೇ ಒಂದು ಬೆರಳಲ್ಲಿ.

ಎಲ್ಲ ಹೊಗಳಿಕೆಯಲ್ಲ. ಮುಂದಿನ ಫ್ರೀವೀಲ್ ಕ್ರ್ಯಾಂಕಿನ ಥ್ರೆಡ್ಡಿಗೆ ತಿರುಗಿಸಿ ಕೂರಿಸುವಂಥದ್ದು, ಅದಕ್ಕೆ ಥ್ರೆಡ್ ಇರುವ ಕ್ರ್ಯಾಂಕೇ ಬೇಕು, ಮಾಮೂಲಿ ಕ್ರ್ಯಾಂಕಿಗೆ ಹತ್ತಲ್ಲ. ಪ್ರತಿ ಒದೆಗೂ ಅದು ಇನ್ನಷ್ಟು ಬಿಗಿಯಾಗುತ್ತಾ ಹೋಗುತ್ತೆ. ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚದಿದ್ದರೆ ಬಿಚ್ಚುವಾಗ ದೇವರೇ ಗತಿ. ನನಗಿಂತ ಮೊದಲಿನವನು ಹಚ್ಚಿರಲಿಲ್ಲ. ರಿಮೂವರನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಕ್ರ್ಯಾಂಕನ್ನೇ ಹಿಡಿಕೆ ಮಾಡಿಕೊಂಡು, ಪೈಪ್ ತೂರಿಸಿ, ಇಬ್ಬರು ಜೋತುಬಿದ್ದ ಮೇಲೆ ಸಡಿಲವಾಯಿತು. ಆ ಸದ್ದಿಗೆ ಕ್ರ್ಯಾಂಕೇ ಮುರಿಯಿತು ಅಂದುಕೊಂಡೆವು.

ಚೈನ್ ಅಗಲದಲ್ಲೂ ಒಮ್ಮೆ ಯಾಮಾರಿದ್ದೇನೆ. ಗೇರ್ ಸೈಕಲ್ ಚೈನ್ ಸಪೂರ, ಒಳಗಲ 3/32 ಇಂಚು. ಸಿಂಗಲ್ ಸ್ಪೀಡಿನ ದಪ್ಪ ಹಲ್ಲುಚಕ್ರಗಳು 1/8 ಇಂಚಿನವು. ದಪ್ಪ ಚೈನ್ ಸಪೂರ ಹಲ್ಲಿನ ಮೇಲೆ ಸ್ವಲ್ಪ ಸದ್ದು ಮಾಡಿಕೊಂಡು ಓಡುತ್ತೆ. ಸಪೂರ ಚೈನ್ ದಪ್ಪ ಹಲ್ಲಿಗೆ ಇಳಿಯುವುದೇ ಇಲ್ಲ. ಗೊತ್ತಿಲ್ಲದೆ ಸುತ್ತಿಗೆ ತೆಗೆದುಕೊಂಡಿದ್ದೆ, ಅಷ್ಟೇ ಹೇಳುತ್ತೇನೆ.

20 ಇಂಚಿನ ಸೈಕಲ್ ಇಟ್ಟುಕೊಂಡವರು ಮುಂದೆ 18 ಹಿಂದೆ 12 ಅನ್ನುತ್ತಾರೆ, ಅದು ನೋಡಲು ಎಷ್ಟೋ ಗಟ್ಟಿ ಗೇರು, 1.5. ಆದರೆ ಅವರ ಹಿಂದಿನ ಚಕ್ರ 19 ಇಂಚಿನದು. ಪೂರ್ತಿ ಸುತ್ತಿಗೆ 2.4 ಮೀಟರ್ ಹೋಗುತ್ತೆ. ನನ್ನ 18ಕ್ಕೆ 15 ಸುಮಾರು 2.5 ಮೀಟರ್. ಚಕ್ರ ಯಾವುದಾದರೂ ಕೊನೆಗೆ ಎಲ್ಲರೂ ಬಂದು ನಿಂತಿರುವುದು ಇಲ್ಲೇ, ಮನುಷ್ಯನ ಕಾಲಿನ ಒದೆ ಅಷ್ಟೇ ಅಲ್ವಾ. ಅದಕ್ಕೇ ಹೊಸಬರು "ನೀವು ಎಷ್ಟು ಹಲ್ಲು ಹಾಕಿದ್ದೀರ?" ಅಂತ ಕೇಳಿದರೆ ನಾನು ಮೊದಲು ಅವರ ಚಕ್ರದ ಅಳತೆ, ಆಮೇಲೆ ಹಬ್ಬಿನ ಕ್ಲಿಕ್ ಕೇಳುತ್ತೇನೆ. ಎಂಟಿಬಿ ಬದಲಾಯಿಸುವವರಾದರೆ 22ಕ್ಕೆ 18 ಹಾಕಿ, ಉಳಿದ ದುಡ್ಡನ್ನು ಜಾಸ್ತಿ ಕ್ಲಿಕ್ ಇರುವ ಹಬ್ಬಿಗೆ ಹಾಕಿ. ಚೈನ್‌ವೀಲ್ ಬದಲಾಯಿಸುತ್ತಾ ಕೂರಬೇಡಿ.

ಇಷ್ಟು ಹೇಳಿದ ನಾನೇ ಹೋದ ವಾರ ಹಿಂದಕ್ಕೆ ಒಂದು 14 ಹಲ್ಲಿನದ್ದು ತರಿಸಿದ್ದೇನೆ. ಕಾಲು ಸುತ್ತಿಗೆ ನಾಲ್ಕೈದು ಸೆಂಟಿಮೀಟರ್ ಜಾಸ್ತಿ ಸಿಗುತ್ತೆ, ಸೈಟಿನ ಆ ಕೊನೆಯ ಎರಡು ಕಲ್ಲಿನ ನಡುವೆ ನನಗೆ ಕಮ್ಮಿ ಬೀಳುತ್ತಿರುವುದು ಸರಿಸುಮಾರು ಅಷ್ಟೇ. ಮಂಡಿ ಒಪ್ಪುತ್ತೋ ಇಲ್ಲವೋ ಭಾನುವಾರ ಬೆಳಗ್ಗೆ ಗೊತ್ತಾಗುತ್ತೆ, ಮನೆ ಕಟ್ಟುವವರು ಅಷ್ಟರೊಳಗೆ ಕಲ್ಲು ಎತ್ತಿಸದಿದ್ದರೆ.